ಫಿಯೋರ್ಡ್ ದಿನ: ಅಲಾರಂ ಎಷ್ಟು ಗಂಟೆಗೆ ಇಡಬೇಕು?

ಪ್ರಶ್ನೆ: ಮುಂದಿನ ಜೂನ್‌ನಲ್ಲಿ ನಾನು, ನನ್ನ ಹೆಂಡತಿ, ಅಪ್ಪ, ಅಮ್ಮ ನಾಲ್ವರೂ ನಾರ್ವೆಗೆ ಏಳು ದಿನದ ಕ್ರೂಸ್ ಹೊರಟಿದ್ದೇವೆ. ಹಡಗು ಹತ್ತುವುದು ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ. ನಾಲ್ಕನೇ ದಿನಕ್ಕೆ ‘ಗೈರಾಂಗರ್ ಫಿಯೋರ್ಡ್, ಬೆಳಿಗ್ಗೆ 8ರಿಂದ ಸಂಜೆ 5’ ಅಂತ ಬರೆದಿದ್ದಾರೆ. ಆ ದಿನ ನಿಜಕ್ಕೂ ಏನೇನಾಗುತ್ತದೆ? ಬಾಲ್ಕನಿ ಇರುವ ಕ್ಯಾಬಿನ್‌ಗೆ ಜಾಸ್ತಿ ದುಡ್ಡು ಕೊಡಬೇಕಾ? ಅಮ್ಮನಿಗೆ ಬಸ್ಸಿನಲ್ಲೇ ವಾಂತಿ ಬರುತ್ತದೆ. ಅಪ್ಪನಿಗೆ 72 ವರ್ಷ, ಮಂಡಿ ನೋವು. ‘ಜೋಗ, ಆಗುಂಬೆ ನೋಡಿದವನಿಗೆ ಬೆಟ್ಟ, ನೀರು ನೋಡೋಕೆ ಅಷ್ಟು ದೂರ ಯಾಕೋ’ ಅಂತ ಅವರು ದಿನಾ ಕೇಳುತ್ತಿದ್ದಾರೆ. ಏನು ಹೇಳಲಿ?
– ಶಿವಮೊಗ್ಗದ ಓದುಗರೊಬ್ಬರು

ಉತ್ತರ:

ನೀವು ಕೇಳದೇ ಇರುವ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಆ ದಿನ ಬೆಳಿಗ್ಗೆ ಐದೂವರೆಗೆ ಅಲಾರಂ ಇಡಿ. ನಾಲ್ವರೂ ಏಳಬೇಕು.

ನಿಮ್ಮ ಹಾಳೆಯಲ್ಲಿರುವ ‘8ರಿಂದ 5’ ಅನ್ನುವುದು ಹಡಗು ಗೈರಾಂಗರ್ ಊರಿನ ಮುಂದೆ ನಿಂತಿರುವ ಹೊತ್ತು. ಊರು ಇರುವುದು ಫಿಯೋರ್ಡ್‌ನ, ಅಂದರೆ ಕಡಿದಾದ ಬೆಟ್ಟಗಳ ನಡುವೆ ಒಳನಾಡಿಗೆ ಚಾಚಿದ ಸಮುದ್ರದ ಓಣಿಯ, ಕಟ್ಟಕಡೆಯಲ್ಲಿ. ಅಂದರೆ ಎಂಟು ಗಂಟೆಗೆ ನೀವು ಆರಾಮಾಗಿ ಎದ್ದು, ಹಲ್ಲುಜ್ಜಿ, ತಿಂಡಿಯ ಸಾಲಿನಲ್ಲಿ ನಿಲ್ಲುವ ಹೊತ್ತಿಗೆ ಫಿಯೋರ್ಡ್ ಒಳಗೆ ಬರುವ ದಾರಿ ಪೂರ್ತಿ ಮುಗಿದಿರುತ್ತದೆ. ಲಕ್ಷಗಟ್ಟಲೆ ಖರ್ಚು ಮಾಡಿ ಬಂದವರು ಅದೊಂದನ್ನು ನಿದ್ದೆಯಲ್ಲಿ ಕಳೆದುಕೊಳ್ಳುವುದನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ. ಪ್ರಯಾಣಿಕರ ಹಡಗುಗಳಲ್ಲಿ ಹದಿನಾಲ್ಕು ವರ್ಷ ಡೆಕ್ ಆಫೀಸರ್ ಆಗಿದ್ದವನು ನಾನು. ಹೆಚ್ಚಾಗಿ ನನ್ನ ಪಾಲಿಗೆ ಬರುತ್ತಿದ್ದದ್ದು ಬೆಳಗಿನ ಜಾವ ನಾಲ್ಕರಿಂದ ಎಂಟರ ಪಾಳಿ. ಹಾಗಾಗಿ ಗೈರಾಂಗರ್‌ಗೆ ಹಡಗು ಹೋಗುವುದನ್ನು ಬ್ರಿಜ್‌ನಿಂದ, ಅಂದರೆ ಹಡಗು ನಡೆಸುವ ಕೋಣೆಯಿಂದ, ನೋಡಿದ್ದೇನೆ. ಮೂರು ಸಾವಿರ ಜನ ಇರುವ ಹಡಗಿನ ಮುಂದಿನ ಡೆಕ್ಕಿನಲ್ಲಿ ಆ ಹೊತ್ತಿಗೆ ಮೂವತ್ತು ಜನ ಇದ್ದರೆ ಹೆಚ್ಚು.

ಹಾಳೆಯ ವಿಷಯದಲ್ಲೇ ಇನ್ನೊಂದು ಮಾತು. ಕೆಲವು ಕಂಪನಿಗಳು ಊರಿನ ಹೆಸರಿನ ಮುಂದೆ ಗಂಟೆ ಬರೆಯದೆ ‘ಸೀನಿಕ್ ಕ್ರೂಸಿಂಗ್’ ಅಂತ ಮಾತ್ರ ಹಾಕಿರುತ್ತವೆ. ಹಾಗಿದ್ದರೆ ಹಡಗು ಒಳಗೆ ಬಂದು, ತಿರುಗಿ, ಹೊರಗೆ ಹೋಗುತ್ತದೆ ಅಷ್ಟೇ. ಇಳಿಯುವ ಹಾಗಿಲ್ಲ. ನಿಮ್ಮದರಲ್ಲಿ ಗಂಟೆ ಬರೆದಿದ್ದಾರೆ, ಆದ್ದರಿಂದ ಇಳಿಯಬಹುದು. ಕೆಲವು ಹಡಗು ದಾರಿಯಲ್ಲಿ ಹೆಲ್ಲೆಸಿಲ್ಟ್ ಅನ್ನುವ ಪುಟ್ಟ ಊರಿನ ಹತ್ತಿರ ನಿಂತು, ಬಸ್ ಟೂರ್ ಕೊಂಡವರನ್ನು ಇಳಿಸುತ್ತವೆ. ಅವರು ಬೆಟ್ಟದ ರಸ್ತೆಯಲ್ಲಿ ಸುತ್ತಿಕೊಂಡು ಗೈರಾಂಗರ್‌ನಲ್ಲಿ ಮತ್ತೆ ಹಡಗು ಹತ್ತುತ್ತಾರೆ. ಆ ಟೂರ್ ತಗೊಂಡರೆ ಬೆಳಗಿನ ಫಿಯೋರ್ಡ್ ನಿಮಗೆ ತಪ್ಪುತ್ತದೆ, ಸಂಜೆಯದ್ದು ಮಾತ್ರ ಸಿಗುತ್ತದೆ. ಟೂರ್ ಮಾರುವ ಕೌಂಟರಿನವರು ಇದನ್ನು ತಾವಾಗಿ ಹೇಳುವುದಿಲ್ಲ.

ಈಗ ಆ ದಿನದ ಕಥೆ.

ನೀವು ಇನ್ನೂ ಮಲಗಿರುವಾಗಲೇ ಹೊರಗಡಲಿನ ಹತ್ತಿರ ಪೈಲಟ್ ಹತ್ತಿರುತ್ತಾರೆ. ವಿಮಾನದ ಪೈಲಟ್ ಅಲ್ಲ. ಆ ಊರಿನ ನೀರನ್ನು ಅಂಗೈ ಗೆರೆ ಹಾಗೆ ಬಲ್ಲ ನಾವಿಕ. ಅವರ ಸಣ್ಣ ದೋಣಿ ಹಡಗಿನ ಪಕ್ಕಕ್ಕೆ ಅಂಟಿಕೊಂಡ ಹಾಗೆ ಓಡುತ್ತದೆ. ಎರಡೂ ಓಡುತ್ತಲೇ ಇರುವಾಗ ಅವರು ಹಗ್ಗದ ಏಣಿ ಹಿಡಿದು ಹಡಗಿನ ಹೊಟ್ಟೆಯಲ್ಲಿರುವ ಬಾಗಿಲಿಗೆ ಹತ್ತಬೇಕು. ಮಳೆ ಇರಲಿ, ಅಲೆ ಇರಲಿ, ವಯಸ್ಸು ಐವತ್ತೈದಾಗಲಿ. ಹತ್ತಿ ಬ್ರಿಜ್‌ಗೆ ಬಂದು, ಒದ್ದೆ ಜಾಕೆಟ್ ಬಿಚ್ಚಿ, ಕಾಫಿ ಕೇಳುತ್ತಾರೆ. ಪೈಲಟ್ ಒಳಗಿದ್ದಾರೆ ಅನ್ನುವುದಕ್ಕೆ ಗುರುತಾಗಿ ಅರ್ಧ ಬಿಳಿ, ಅರ್ಧ ಕೆಂಪು ಬಾವುಟ ಏರಿಸುತ್ತೇವೆ. ಬೆಳಿಗ್ಗೆ ಡೆಕ್ಕಿಗೆ ಬಂದಾಗ ತಲೆ ಎತ್ತಿ ನೋಡಿ, ಕಾಣುತ್ತದೆ.

ಆರು ಗಂಟೆಗೆ ನೀವು ಮೇಲಿನ ತೆರೆದ ಡೆಕ್ಕಿಗೆ ಬರುತ್ತೀರಿ ಅಂತಿಟ್ಟುಕೊಳ್ಳಿ. ಕತ್ತಲೆಯ ಭಯ ಬೇಡ. ಗೈರಾಂಗರ್ ಇರುವುದು 62 ಡಿಗ್ರಿ ಉತ್ತರಕ್ಕೆ. ಜೂನ್‌ನಲ್ಲಿ ಸೂರ್ಯ ನಾಲ್ಕರ ಸುಮಾರಿಗೇ ಹುಟ್ಟಿ, ರಾತ್ರಿ ಹನ್ನೊಂದರ ಸುಮಾರಿಗೆ ಮುಳುಗುತ್ತಾನೆ. ಆಮೇಲೂ ಪೂರ್ತಿ ಕತ್ತಲಾಗುವುದಿಲ್ಲ. ಆದರೆ ಚಳಿ ಇರುತ್ತದೆ. ಹತ್ತು ಡಿಗ್ರಿ ಆಸುಪಾಸು, ಮೇಲೆ ಹಡಗಿನ ಓಟದ ಗಾಳಿ. ಅಪ್ಪನ ಮಂಕಿ ಕ್ಯಾಪ್ ಇದ್ದರೆ ತರಲಿ, ನಾಚಿಕೆ ಬೇಡ. ಛತ್ರಿ ಬೇಡವೇ ಬೇಡ, ಗಾಳಿಗೆ ಮಗುಚಿಕೊಳ್ಳುತ್ತದೆ. ಟೋಪಿ ಇರುವ ರೇನ್‌ಕೋಟ್ ಸಾಕು.

ಹಡಗು ಆಗ ಸುನ್‌ಇಲ್ವ್ಸ್ ಫಿಯೋರ್ಡ್‌ನಲ್ಲಿ ದಕ್ಷಿಣಕ್ಕೆ ಹೋಗುತ್ತಿರುತ್ತದೆ. ಸ್ಟೂರ್ ಫಿಯೋರ್ಡ್ ಅನ್ನುವ ದೊಡ್ಡ ಕೊಂಬೆಯಿಂದ ಈ ಕೊಂಬೆ ಒಡೆದಿದೆ. ಇದರಿಂದ ಒಡೆದ ಸಣ್ಣ ಕೊಂಬೆಯೇ ಹದಿನೈದು ಕಿಲೋಮೀಟರ್ ಉದ್ದದ ಗೈರಾಂಗರ್. ಬಲಗಡೆಯ ಬೆಟ್ಟದಲ್ಲಿ ಓಕರ್‌ನೆಸೆಟ್ ಅನ್ನುವ ಜಾಗ ಇದೆ. ನೋಡಿದರೆ ಬೇರೆ ಬೆಟ್ಟದ ಹಾಗೆಯೇ ಕಾಣುತ್ತದೆ. ಆದರೆ ಅದರ ಮೇಲ್ಭಾಗದಲ್ಲಿ ಒಂದು ಬಿರುಕಿದೆ, ಅದು ವರ್ಷಕ್ಕೆ ಕೆಲವು ಸೆಂಟಿಮೀಟರ್ ಅಗಲ ಆಗುತ್ತಲೇ ಇದೆ. ಬಂಡೆ ಒಟ್ಟಿಗೆ ಕುಸಿದರೆ ನೀರು ಎದ್ದು ಹೆಲ್ಲೆಸಿಲ್ಟ್‌ಗೂ ಗೈರಾಂಗರ್‌ಗೂ ಕೆಲವೇ ನಿಮಿಷದಲ್ಲಿ ನುಗ್ಗುತ್ತದೆ. ಇದು ಸುಮ್ನೆ ಹೆದರಿಸುವ ಮಾತಲ್ಲ. ಪಕ್ಕದ ತಾಫ್ಯೋರ್ಡ್‌ನಲ್ಲಿ 1934ರ ಏಪ್ರಿಲ್ 7ರಂದು ಹೀಗೇ ಆಗಿ 40 ಜನ ಸತ್ತರು. ಹಾಗಾಗಿ ಓಕರ್‌ನೆಸೆಟ್ ಮೈತುಂಬ ಅಳತೆಯ ಉಪಕರಣ ಇಟ್ಟು ಹಗಲೂ ರಾತ್ರಿ ಕಾಯುತ್ತಾರೆ. ಬೆಟ್ಟ ಬೀಳುವ ಮುಂಚೆ ಅದರ ಚಲನೆ ಜೋರಾಗುತ್ತದೆ, ಊರು ಖಾಲಿ ಮಾಡಿಸಲು ಸಮಯ ಸಿಗುತ್ತದೆ ಅನ್ನುವುದು ಅವರ ಲೆಕ್ಕ. ಅಮ್ಮನಿಗೆ ಇದನ್ನು ವಾಪಸ್ ಬಂದ ಮೇಲೆ ಹೇಳಿದರೂ ಆದೀತು.

ಆಮೇಲೆ ಹಡಗು ಎಡಕ್ಕೆ ಹೊರಳುತ್ತದೆ. ನನಗೆ ಆ ದಿನದಲ್ಲಿ ಬಹಳ ಇಷ್ಟವಾದದ್ದು ಆ ಹೊರಳುವಿಕೆ. ಎದುರಿಗೆ ಬರೀ ಗೋಡೆಯಂಥ ಬೆಟ್ಟ ಕಾಣುತ್ತಿರುತ್ತದೆ, ದಾರಿ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ನಿಧಾನಕ್ಕೆ ಒಂದು ಬೆಟ್ಟ ಇನ್ನೊಂದರ ಹಿಂದಿನಿಂದ ಸರಿದು, ಬಾಗಿಲು ತೆರೆದ ಹಾಗೆ ನೀರಿನ ಓಣಿ ಕಾಣಿಸಿಕೊಳ್ಳುತ್ತದೆ. ವೇಗ ಎಂಟು, ಹತ್ತು ನಾಟ್‌ಗೆ ಇಳಿಯುತ್ತದೆ. ಒಂದು ನಾಟ್ ಅಂದರೆ ಗಂಟೆಗೆ 1.85 ಕಿಲೋಮೀಟರ್. ನಮ್ಮ ಕಡೆ ಸೈಕಲ್ ತುಳಿಯುವವರ ವೇಗ ಅನ್ನಿ. ಕಾಲಡಿಯ ನಡುಕ ಕಮ್ಮಿಯಾಗುತ್ತದೆ. ಆಗ ನೀರು ಬೀಳುವ ಸದ್ದು ಎರಡೂ ಕಡೆಯಿಂದ ಕೇಳಲು ಶುರುವಾಗುತ್ತದೆ.

ನಿಮ್ಮ ಅಪ್ಪನಿಗೆ ಹೇಳಬೇಕಾದ ಉತ್ತರ ಇಲ್ಲಿದೆ. ನಮ್ಮ ಪಶ್ಚಿಮ ಘಟ್ಟದ ಕಣಿವೆಗಳನ್ನು ಕೊರೆದದ್ದು ನದಿ. ನದಿ ಕೊರೆದ ಕಣಿವೆ ಕೆಳಗೆ ಕಿರಿದು, ಮೇಲೆ ಅಗಲ. ಇಲ್ಲಿ ಕೊರೆದದ್ದು ಹಿಮನದಿ. ನೂರಾರು ಮೀಟರ್ ದಪ್ಪದ ಮಂಜುಗಡ್ಡೆ, ತಳದಲ್ಲಿ ಬಂಡೆ ಚೂರುಗಳನ್ನು ಹಿಡಿದುಕೊಂಡು, ಲಕ್ಷಾಂತರ ವರ್ಷಗಳಲ್ಲಿ ಮತ್ತೆ ಮತ್ತೆ ಉಜ್ಜಿಕೊಂಡು ಇಳಿದಿದೆ. ಅದು ತಳವನ್ನೂ ಗೋಡೆಯನ್ನೂ ಒಟ್ಟಿಗೆ ಕೆರೆಯುತ್ತದೆ. ಹಾಗಾಗಿ ಕಣಿವೆ ಬಾಣಲೆಯ ಹಾಗೆ, ಗೋಡೆ ನೆಟ್ಟಗೆ. ಮಂಜು ಕರಗಿ ಹಿಂದೆ ಸರಿದಾಗ ಸಮುದ್ರ ಒಳಗೆ ಬಂದು ತುಂಬಿಕೊಂಡಿತು. ಅಲ್ಲಿ ನೀವು ನೋಡುವುದು ಬೆಟ್ಟದ ಮೇಲಿನ ಭಾಗ ಮಾತ್ರ. ಕೆಳಗಿನದ್ದು ಅದೇ ಕಡಿದಾದ ರೀತಿಯಲ್ಲಿ ನೀರೊಳಗೆ ಮುಂದುವರಿಯುತ್ತದೆ. ನಾರ್ವೆಯಲ್ಲೇ ಅತಿ ಉದ್ದದ ಸೋಗ್ನೆ ಫಿಯೋರ್ಡ್ 200 ಕಿಲೋಮೀಟರಿಗೂ ಹೆಚ್ಚು ಒಳಗೆ ಹೋಗುತ್ತದೆ, 1,300 ಮೀಟರ್ ಆಳ ಇದೆ. ಆದರೆ ಅದರ ಬಾಯಿಯ ಹತ್ತಿರ ಅಷ್ಟು ಆಳ ಇಲ್ಲ. ಸಮುದ್ರದ ಕಡೆ ಬಂದಂತೆ ಹಿಮನದಿ ತೆಳುವಾಯಿತು, ಕೊರೆಯುವ ಬಲ ಕುಗ್ಗಿತು. ಬಾಗಿಲಲ್ಲಿ ಹೊಸಿಲು ಇದ್ದ ಹಾಗೆ ಒಂದು ಏರು ಉಳಿದುಕೊಂಡಿತು.

ಇಷ್ಟು ದೊಡ್ಡ ಹಡಗು ಬೆಟ್ಟದ ಪಕ್ಕಕ್ಕೇ ಹೋಗಬಹುದಾದ್ದೂ ಇದರಿಂದಲೇ. ಗೋಡೆ ನೀರೊಳಗೂ ನೆಟ್ಟಗಿರುವುದರಿಂದ ದಡದ ಹತ್ತಿರವೂ ತಳ ತಾಗುವ ಭಯ ಕಮ್ಮಿ. ಜಲಪಾತಗಳಿಗೂ ಇದೇ ಕಾರಣ. ದೊಡ್ಡ ಹಿಮನದಿ ಆಳಕ್ಕೆ ಕೊರೆಯಿತು, ಪಕ್ಕದಿಂದ ಬಂದು ಸೇರುತ್ತಿದ್ದ ಸಣ್ಣವಕ್ಕೆ ಅಷ್ಟು ಶಕ್ತಿ ಇರಲಿಲ್ಲ. ಅವುಗಳ ಕಣಿವೆ ಮೇಲೆಯೇ ನಿಂತಿತು. ಈಗ ಆ ಮೇಲಿನ ಕಣಿವೆಯ ನೀರಿಗೆ ಕೆಳಗೆ ಬರಲು ಮೆಟ್ಟಿಲಿಲ್ಲ, ಹಾರಲೇಬೇಕು.

ಎತ್ತರದ ಲೆಕ್ಕ ತೆಗೆದರೆ ಅಪ್ಪನ ಮಾತಿನಲ್ಲೂ ನ್ಯಾಯ ಇದೆ. ಜೋಗದ ರಾಜಾ 253 ಮೀಟರ್. ಇಲ್ಲಿನ ಹೆಸರಾಂತ ‘ಏಳು ಸಹೋದರಿಯರು’ ಜಲಪಾತದಲ್ಲಿ ಅತಿ ಎತ್ತರದ ನೇರ ಧುಮುಕು ಸುಮಾರು 250 ಮೀಟರ್. ಸರಿಸಮ. ಮಳೆಗಾಲದ ಜೋಗದ ಮುಂದೆ ಈ ಸಹೋದರಿಯರು ಬಡಕಲು ಅಂತಲೇ ಹೇಳಬೇಕು. ಆದರೆ ಜೋಗದಲ್ಲಿ ನಾವು ಎದುರಿನ ಅಂಚಿನಲ್ಲಿ ನಿಂತು ಕೆಳಗೆ ನೋಡುತ್ತೇವೆ. ಇಲ್ಲಿ ನೀವು ತಳದಲ್ಲಿ, ಸಮುದ್ರದ ಮಟ್ಟದಲ್ಲಿ ಇದ್ದೀರಿ. ಕತ್ತೆತ್ತಿ ನೋಡಬೇಕು. ಆಗುಂಬೆ ಸಮುದ್ರ ಮಟ್ಟದಿಂದ ಆರುನೂರೈವತ್ತು ಮೀಟರ್ ಆಸುಪಾಸು ಇರಬಹುದು. ಗೈರಾಂಗರ್ ಸುತ್ತಲಿನ ಬೆಟ್ಟಗಳು ನೀರಿನಂಚಿನಿಂದಲೇ ಎದ್ದು ಅದರ ದುಪ್ಪಟ್ಟಿಗಿಂತ ಮೇಲೆ ಹೋಗುತ್ತವೆ, ತಲೆ ಮೇಲೆ ಜೂನ್‌ನಲ್ಲೂ ಹಿಮ. ಆ ಅಳತೆ ಫೋಟೋದಲ್ಲಿ ಬರುವುದಿಲ್ಲ. ನಿಮ್ಮ ಹಡಗಿಗಿಂತ ಮುಂದೆ ಹೋದ ಇನ್ನೊಂದು ಹಡಗು ಕಂಡಾಗ ಮಾತ್ರ ಗೊತ್ತಾಗುತ್ತದೆ. ಹದಿನಾಲ್ಕು ಮಹಡಿಯ ಹಡಗು ಬೆಟ್ಟದ ಬುಡದಲ್ಲಿ ಬೆಂಕಿಪೊಟ್ಟಣದ ಹಾಗೆ ಬಿದ್ದಿರುತ್ತದೆ.

ಒಳಗೆ ಹೋಗುವಾಗ ಸಹೋದರಿಯರು ಎಡಕ್ಕೆ ಬರುತ್ತಾರೆ. ಎದುರುಬದುರು, ಬಲಗಡೆಯ ಬೆಟ್ಟದಲ್ಲಿ ‘ಫ್ರಿಯಾರೆನ್’ ಜಲಪಾತ, ಅಂದರೆ ಹೆಣ್ಣು ಕೇಳಲು ಬಂದವನು. ಏಳು ಜನರನ್ನೂ ಕೇಳಿದನಂತೆ, ಏಳು ಜನವೂ ಒಲ್ಲೆ ಅಂದರಂತೆ, ಕೊನೆಗೆ ಬಾಟಲಿ ಹಿಡಿದು ಕೂತನಂತೆ. ಅವನ ನೀರು ಬಂಡೆಯ ಮೇಲೆ ಕವಲೊಡೆದು ಮತ್ತೆ ಕೂಡುವಾಗ ನಿಜಕ್ಕೂ ಬಾಟಲಿಯ ಆಕಾರ ಕಾಣುತ್ತದೆ. ಏಳನ್ನೂ ಎಣಿಸಬೇಕಾದರೆ ಮೇ, ಜೂನ್‌ನಲ್ಲೇ ಹೋಗಬೇಕು, ಹಿಮ ಕರಗಿ ನೀರು ಜೋರಿರುತ್ತದೆ. ಆಗಸ್ಟ್ ಕೊನೆಗೆ ಹೋದವರು ನಾಲ್ಕು ಎಣಿಸಿ ಉಳಿದ ಮೂವರಿಗೆ ಮದುವೆ ಆಯಿತಾ ಅಂತ ನನ್ನನ್ನೇ ಕೇಳಿದ್ದಾರೆ. ನೀವು ತಿಂಗಳನ್ನು ಸರಿಯಾಗಿ ಆರಿಸಿದ್ದೀರಿ.

ಜಲಪಾತಕ್ಕಿಂತ ಹೆಚ್ಚಾಗಿ ನೋಡಬೇಕಾದ್ದು ಮನೆಗಳನ್ನು. ಸಹೋದರಿಯರ ಪಕ್ಕದಲ್ಲಿ, ಮೇಲೆ ಬಂಡೆಯ ಒಂದು ಅಂಚಿನಲ್ಲಿ ಕ್ನಿವ್ಸ್‌ಫ್ಲೋ. ಎದುರಿನ ಗೋಡೆಯಲ್ಲಿ, ನೀರಿನಿಂದ ಸುಮಾರು 250 ಮೀಟರ್ ಮೇಲೆ, ಸ್ಕಾಗೆಫ್ಲೋ. ಹುಲ್ಲು ಹೊದಿಸಿದ ಸೂರಿನ ಮರದ ಮನೆಗಳು, ಪಕ್ಕದಲ್ಲಿ ಅಂಗೈ ಅಗಲದ ಹಸಿರು. ಒಂದು ಕಾಲಕ್ಕೆ ಅಲ್ಲಿ ಸಂಸಾರಗಳಿದ್ದವು. ಆಡು ಸಾಕಿ, ಹುಲ್ಲು ಕೊಯ್ದು, ಗಿಣ್ಣು (ಚೀಸ್) ಮಾಡಿ ಬದುಕುತ್ತಿದ್ದರು. ಮಕ್ಕಳು ಅಂಚಿನಿಂದ ಬೀಳದ ಹಾಗೆ ಸೊಂಟಕ್ಕೆ ಹಗ್ಗ ಕಟ್ಟುತ್ತಿದ್ದರು ಅನ್ನುತ್ತಾರೆ. ತೆರಿಗೆಯವರು ಬಂದರೆ ಏಣಿ ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು ಅನ್ನುವ ಕಥೆಯೂ ಉಂಟು. ಕ್ನಿವ್ಸ್‌ಫ್ಲೋದವರು ಮೇಲೆ ನೇತಾಡುವ ಬಂಡೆಗೆ ಹೆದರಿ 19ನೇ ಶತಮಾನದ ಕೊನೆಗೆ ಮನೆ ಬಿಟ್ಟರು. ಸ್ಕಾಗೆಫ್ಲೋದವರು ಬಿಟ್ಟು ನೂರು ವರ್ಷ ದಾಟಿದೆ. 1993ರಲ್ಲಿ ನಾರ್ವೆಯ ರಾಜ ಹರಾಲ್ಡ್, ರಾಣಿ ಸೋನ್ಯಾ ತಮ್ಮ ಮದುವೆಯ ಇಪ್ಪತ್ತೈದನೇ ವರ್ಷವನ್ನು ಆಚರಿಸಿದ್ದು ಇದೇ ಪಾಳು ಹೊಲದಲ್ಲಿ.

ಒಂದು ಸಲ ಧಾರವಾಡದ ಅಜ್ಜಿಯೊಬ್ಬರು, ಇಳಕಲ್ ಸೀರೆ ಮೇಲೆ ಮಗನ ಜಾಕೆಟ್ ಹಾಕಿಕೊಂಡು, ಕಂಬಿ ಹಿಡಿದು ನಿಂತಿದ್ದರು. ನನ್ನ ಪಾಳಿ ಮುಗಿದಿತ್ತು, ಕಾಫಿ ಲೋಟ ಹಿಡಿದು ಕೆಳಗೆ ಬಂದಿದ್ದೆ. ಕನ್ನಡದಲ್ಲಿ ಮಾತಾಡಿಸಿದೆ. ಮೇಲಿನ ಮನೆ ತೋರಿಸಿ ಇಷ್ಟು ವರ್ಷ ಜನ ಇದ್ದರು ಅಂದೆ. ಅವರು ಬಹಳ ಹೊತ್ತು ಮೇಲೆ ನೋಡಿ ಕೇಳಿದರು: ‘ಅಲ್ರೀ, ಅಂಥಾ ಮನಿಗೆ ಹೆಣ್ಣ ಯಾರ ಕೊಟ್ರು?’

ಅಷ್ಟು ವರ್ಷದಲ್ಲಿ ಆ ಮನೆಯ ಬಗ್ಗೆ ಎಲ್ಲರೂ ನನ್ನನ್ನು ಕೇಳಿದ್ದು ಎತ್ತರ ಎಷ್ಟು, ವರ್ಷ ಯಾವುದು. ಉತ್ತರ ಗೊತ್ತಿರುವ ಪ್ರಶ್ನೆಗಳು. ಅಜ್ಜಿಯ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬೈನಾಕ್ಯುಲರ್ ಇದ್ದರೆ ತನ್ನಿ. ಅಮ್ಮನ ಕೈಗೆ ಕೊಡಿ.

ಸರಿ, ಎಂಟು ಗಂಟೆ. ಊರು ಬಂತು. ಗೈರಾಂಗರ್‌ನಲ್ಲಿ ವರ್ಷವಿಡೀ ಇರುವವರು ಇನ್ನೂರೈವತ್ತರ ಆಸುಪಾಸು. ನಿಮ್ಮ ಒಂದು ಹಡಗಿನಲ್ಲೇ ಅದರ ಹತ್ತು ಪಟ್ಟು ಜನ. ಇಲ್ಲಿಗೆ ಮೊದಲ ಪ್ರವಾಸಿ ಹಡಗು ಬಂದದ್ದು 1869ರಲ್ಲಿ. 2005ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಕೇಳುವುದೇ ಬೇಡ. ಬೇಸಿಗೆಯಲ್ಲಿ ದಿನಕ್ಕೆ ಎರಡು, ಮೂರು ಹಡಗು. ದೊಡ್ಡ ಹಡಗು ಬಂದು ನಿಲ್ಲುವಂಥ ಧಕ್ಕೆ (ಹಡಗುಕಟ್ಟೆ) ಇಲ್ಲಿಲ್ಲ. ಒಂದು ಹಡಗಿಗೆ ದಡದಿಂದ ಚಾಚಿಕೊಳ್ಳುವ ತೇಲುಸೇತುವೆ ಸಿಗುತ್ತದೆ, ಅದರ ಮೇಲೆ ನಡೆದು ಹೋಗಬಹುದು. ಉಳಿದವು ಲಂಗರು ಹಾಕಿ, ತಮ್ಮ ಲೈಫ್‌ಬೋಟ್‌ಗಳನ್ನೇ ಇಳಿಸಿ ಜನರನ್ನು ಸಾಗಿಸುತ್ತವೆ. ಇದಕ್ಕೆ ಟೆಂಡರ್ ಅನ್ನುತ್ತಾರೆ.

ಅಪ್ಪನ ಮಂಡಿಗೆ ಸಂಬಂಧಪಟ್ಟದ್ದು ಇಲ್ಲೇ. ಟೆಂಡರ್ ಹತ್ತುವಾಗ ಹಡಗಿನ ಪಕ್ಕದ ಮೆಟ್ಟಿಲು ಇಳಿದು, ಅಲ್ಲಾಡುವ ದೋಣಿಗೆ ಒಂದು ಹೆಜ್ಜೆ ಇಡಬೇಕು. ಎರಡೂ ಕಡೆ ಸಿಬ್ಬಂದಿ ತೋಳು ಹಿಡಿದುಕೊಳ್ಳುತ್ತಾರೆ. ಫಿಯೋರ್ಡ್‌ನ ಒಳಗೆ ಅಲೆ ಇಲ್ಲದ ಕಾರಣ ಸಾಮಾನ್ಯವಾಗಿ ಕಷ್ಟ ಇಲ್ಲ. ಮೊದಲ ದೋಣಿಗೆ ಓಡಬೇಡಿ. ಟೂರ್‌ನವರ ನೂಕುನುಗ್ಗಲು ಹತ್ತು ಗಂಟೆಗೆ ಇಳಿಯುತ್ತದೆ, ಆಮೇಲೆ ಹೋಗಿ. ‘ಅವರ ಕೈ ಹಿಡಿಯಬೇಡಿ, ಮುಂಗೈ ಹಿಡಿಯಿರಿ’ ಅಂತ ಅಪ್ಪನಿಗೆ ಮೊದಲೇ ಹೇಳಿಡಿ. ಬೆವರಿದ ಅಂಗೈ ಜಾರುತ್ತದೆ, ಮುಂಗೈ ಜಾರುವುದಿಲ್ಲ.

ದಡದಲ್ಲಿ ಊರು ಚಿಕ್ಕದು. ನೀರಿನ ಪಕ್ಕ ಸಮತಟ್ಟು. ಊರ ನಡುವೆ ಇಳಿಯುವ ಜಲಪಾತದ ಪಕ್ಕದಲ್ಲಿ 327 ಮೆಟ್ಟಿಲಿನ ಕಬ್ಬಿಣದ ದಾರಿ ಇದೆ. ನೀವಿಬ್ಬರು ಹತ್ತಿ, ಅಪ್ಪನನ್ನು ಕೆಳಗೆ ವೇಫಲ್ ಅಂಗಡಿಯಲ್ಲಿ ಕೂರಿಸಿ. ಅಲ್ಲಿ ಕಂದು ಬಣ್ಣದ ಸಿಹಿ ಗಿಣ್ಣು ಸಿಗುತ್ತದೆ. ನನ್ನ ನಾಲಿಗೆಗೆ ಅದು ಉಪ್ಪು ಬಿದ್ದ ಖೋವಾದ ಹಾಗೆ. ಬೆಟ್ಟದ ಮೇಲೆ ಹೋಗುವ ಮನಸ್ಸಿದ್ದರೆ ಎರಡು ದಾರಿ. ಒಂದು, 1955ರಲ್ಲಿ ತೆರೆದ ಹದ್ದಿನ ರಸ್ತೆ. ಹನ್ನೊಂದು ತಿರುವು, ಕೊನೆಯ ತಿರುವಿನಲ್ಲಿ ನಿಂತರೆ ನೀವು ಬೆಳಿಗ್ಗೆ ಬಂದ ಓಣಿ ಪೂರ್ತಿ ಕಾಣುತ್ತದೆ. ಇನ್ನೊಂದು, 1,500 ಮೀಟರಿನಷ್ಟು ಎತ್ತರದ ದಾಲ್ಸ್‌ನಿಬ್ಬಾ ಬೆಟ್ಟ. ಬಸ್ ತುದಿಯವರೆಗೂ ಹೋಗುತ್ತದೆ, ಮಂಡಿಗೆ ಕೆಲಸ ಇಲ್ಲ. ಆದರೆ ಮೋಡ ಮುಚ್ಚಿದ ದಿನ ಮೇಲೆ ಹೋಗಿ ಬಿಳಿ ಗೋಡೆ ನೋಡಿಕೊಂಡು ಬರುತ್ತೀರಿ. ಹಾಗಾಗಿ ಮುಂಗಡ ಕಟ್ಟುವ ಮುಂಚೆ ಆಕಾಶ ನೋಡಿ. ಬಸ್ಸಿನಲ್ಲೇ ವಾಂತಿ ಆಗುವ ಅಮ್ಮನಿಗೆ ಹನ್ನೊಂದು ತಿರುವು ಬೇಡ ಅನ್ನಿಸುತ್ತದೆ, ನಿಮ್ಮಿಷ್ಟ. ಹಡಗಿನವರ ಟೂರ್‌ಗೆ ದುಡ್ಡು ಜಾಸ್ತಿ, ಆದರೆ ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ. ನೀವೇ ಮಾಡಿಕೊಂಡ ಏರ್ಪಾಡು ತಡವಾದರೆ ಕಾಯುವುದಿಲ್ಲ. ಐದಕ್ಕೆ ಹೊರಡುವ ಹಡಗಿಗೆ ಸಾಮಾನ್ಯವಾಗಿ ನಾಲ್ಕೂವರೆಗೆ ಹತ್ತಿರಬೇಕು.

ವಾಂತಿಯ ವಿಷಯ. ಫಿಯೋರ್ಡ್ ಒಳಗೆ ಹಡಗು ಅಲ್ಲಾಡುವುದಿಲ್ಲ. ಹೊರಗಿನ ಅಲೆ ನೂರು ಕಿಲೋಮೀಟರ್ ಒಳಗೆ ಬರಲಾರದು. ಚಹಾದ ಲೋಟ ತುಂಬಿಸಿಟ್ಟರೂ ಚೆಲ್ಲುವುದಿಲ್ಲ. ತೊಂದರೆ ಕೊಡುವುದು ಸೌತಾಂಪ್ಟನ್‌ನಿಂದ ನಾರ್ವೆಗೆ ಹೋಗುವ, ವಾಪಸ್ ಬರುವ ಉತ್ತರ ಸಮುದ್ರ. ಜೂನ್‌ನಲ್ಲಿ ಎಷ್ಟೋ ಸಲ ಸುಮ್ಮನಿರುತ್ತದೆ, ಒಮ್ಮೊಮ್ಮೆ ಇರುವುದಿಲ್ಲ. ಕ್ಯಾಬಿನ್ ಆರಿಸುವಾಗ ಕೆಳಗಿನ ಡೆಕ್ಕಿನಲ್ಲಿ, ಹಡಗಿನ ಉದ್ದದ ನಡುಭಾಗದಲ್ಲಿ ಕೇಳಿ. ತಕ್ಕಡಿಯ ಮುಳ್ಳಿನ ಹತ್ತಿರ ಕೂತ ಹಾಗೆ, ಅಲ್ಲಿ ಅಲುಗಾಟ ಕಮ್ಮಿ. ಮಾತ್ರೆಯನ್ನು ವಾಂತಿ ಶುರುವಾದ ಮೇಲೆ ನುಂಗಿ ಪ್ರಯೋಜನ ಇಲ್ಲ, ಮುಂಚೆ ತಗೋಬೇಕು. ಯಾವುದು ಅಂತ ನಿಮ್ಮ ಡಾಕ್ಟರನ್ನು ಕೇಳಿ, ಬಿಪಿ, ಶುಗರ್ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ. ಹೊಟ್ಟೆ ಖಾಲಿ ಬಿಡಬಾರದು. ಒಣ ಬಿಸ್ಕತ್ತು, ಹಸಿರು ಸೇಬು, ಶುಂಠಿ. ನಾವು ನಾವಿಕರೂ ತಿನ್ನುವುದು ಇದನ್ನೇ.

ಈ ಕ್ಯಾಬಿನ್ ಲೆಕ್ಕ ಬಾಲ್ಕನಿಯ ಪ್ರಶ್ನೆಗೂ ಉತ್ತರ. ಬಾಲ್ಕನಿ ಇರುವುದು ಮೇಲಿನ ಡೆಕ್ಕುಗಳಲ್ಲಿ, ಒಂದೇ ಕಡೆಗೆ. ಫಿಯೋರ್ಡ್‌ಗೆ ಎರಡು ಕಡೆ, ಮುಂದೆ, ತಲೆ ಮೇಲೆ ಹೀಗೆ ನಾಲ್ಕು ದಿಕ್ಕು. ಬಾಲ್ಕನಿಯಲ್ಲಿ ಕೂತವರಿಗೆ ಒಂದು ದಿಕ್ಕು ಸಿಗುತ್ತದೆ. ಮೇಲಿನ ತೆರೆದ ಡೆಕ್ ಎಲ್ಲರದ್ದು, ಅದಕ್ಕೆ ಬಾಡಿಗೆ ಇಲ್ಲ. ಅಪ್ಪ ಅಮ್ಮನಿಗೆ ಚಳಿಗಾಳಿ ತಡೆಯುವುದಿಲ್ಲ, ಕೂತೇ ನೋಡಬೇಕು ಅಂತಿದ್ದರೆ ಅವರಿಬ್ಬರಿಗೆ ಮಾತ್ರ ಬಾಲ್ಕನಿ ತಗೊಳ್ಳಿ. ನಿಮಗಿಬ್ಬರಿಗೆ ಕಿಟಕಿಯೂ ಇಲ್ಲದ ಒಳಗಿನ ಕ್ಯಾಬಿನ್ ಸಾಕು. ಕತ್ತಲಾಗದ ರಾತ್ರಿಗಳಲ್ಲಿ ಪೂರ್ತಿ ಕತ್ತಲೆ ಸಿಗುವುದು ಅಲ್ಲೇ, ನಿದ್ದೆ ಚೆನ್ನಾಗಿ ಬರುತ್ತದೆ.

ಸಂಜೆ ಐದಕ್ಕೆ ಹಡಗು ಹೊರಡುವಾಗ ಅದೇ ದಾರಿ, ತಿರುಗಿಸಿದ ಪುಟದ ಹಾಗೆ. ಸಹೋದರಿಯರು ಈಗ ಬಲಕ್ಕೆ. ಬೆಳಿಗ್ಗೆ ನೆರಳಲ್ಲಿದ್ದ ಆ ಗೋಡೆಗೆ ಸಂಜೆಯ ಬಿಸಿಲು ಬೀಳುತ್ತದೆ. ಫೋಟೋ ತೆಗೆಯುವುದಿದ್ದರೆ ಆಗ ತೆಗೆಯಿರಿ, ಬೆಳಿಗ್ಗೆ ಸುಮ್ಮನೆ ನೋಡಿ. ಹಡಗು ಹೊರಡುವುದನ್ನೂ ಒಮ್ಮೆ ಗಮನಿಸಿ. 300 ಮೀಟರ್ ಉದ್ದದ್ದು, ಮೂತಿಯ ಪಕ್ಕದಲ್ಲಿರುವ ಅಡ್ಡ ಫ್ಯಾನುಗಳಿಂದ ನೀರು ತಳ್ಳಿ, ನಿಂತಲ್ಲೇ ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತದೆ. ಪಕ್ಕದಲ್ಲಿ ಹಸಿರು ನೀರು ಕುದಿಯುತ್ತದೆ. ಆ ಹಸಿರಿಗೆ ಕಾರಣ ಹಿಮನದಿ ಅರೆದ ಬಂಡೆಯ ಹುಡಿ, ಹಿಟ್ಟಿನಷ್ಟು ನುಣುಪು. ಅದು ಮುಳುಗದೆ ನೀರಲ್ಲಿ ತೇಲಾಡುತ್ತಿರುತ್ತದೆ.

ಇಷ್ಟು ಹೊಗಳಿದ ಮೇಲೆ ಒಂದು ಕಹಿ ಮಾತನ್ನೂ ಹೇಳಬೇಕು. ಹಡಗು ನಿಂತಿದ್ದರೂ ಒಳಗಿನ ದೀಪ, ಅಡುಗೆಮನೆ, ಹೀಟರಿಗೆ ಅಂತ ಎಂಜಿನ್ ಓಡುತ್ತಲೇ ಇರುತ್ತದೆ. ಗಾಳಿ ಇಲ್ಲದ ದಿನ ಮೂರು ಹಡಗು ಒಟ್ಟಿಗೆ ನಿಂತರೆ ಹೊಗೆಗೆ ಹೋಗಲು ಜಾಗ ಇಲ್ಲ. ಬೆಟ್ಟಗಳ ನಡುವೆ ನೀಲಿ ಪರದೆ ಕಟ್ಟಿದ ಹಾಗೆ ಮಧ್ಯಾಹ್ನದವರೆಗೂ ತೂಗುತ್ತಿರುತ್ತಿತ್ತು. ಬ್ರಿಜ್‌ನಿಂದ ಅದನ್ನು ನೋಡುವಾಗ ನನಗೆ ನಾಚಿಕೆಯಾಗುತ್ತಿತ್ತು, ಯಾಕೆಂದರೆ ಅದರಲ್ಲಿ ನಮ್ಮ ಪಾಲೂ ಇತ್ತು. ನಾರ್ವೆಯ ಸಂಸತ್ತು 2018ರಲ್ಲೇ ಯುನೆಸ್ಕೊ ಫಿಯೋರ್ಡ್‌ಗಳೊಳಗೆ ಹೊಗೆ ಉಗುಳದ ಹಡಗು ಮಾತ್ರ ಬರಬೇಕು ಅಂತ ತೀರ್ಮಾನಿಸಿತು. ಆಮೇಲೆ ಬಂದ ನಿಯಮದಲ್ಲಿ 10,000 ಟನ್ನೇಜ್‌ಗಿಂತ (ಹಡಗಿನ ಗಾತ್ರದ ಅಳತೆ) ಸಣ್ಣ ಹಡಗುಗಳಿಗೆ 2026ರ ಜನವರಿಯ ಗಡುವು, ನಿಮ್ಮದರಂಥ ದೊಡ್ಡವಕ್ಕೆ 2032ರವರೆಗೆ ಸಮಯ. ಬ್ಯಾಟರಿಯಲ್ಲಿ ಓಡುವುದು ಹೇಗಿರುತ್ತದೆ ಅಂತ ನೋಡಬೇಕಾದರೆ ಸೋಗ್ನೆಯ ಕವಲಾದ ನ್ಯಾರೋಯ್ ಫಿಯೋರ್ಡ್‌ಗೆ ಹೋಗಬೇಕು. ಅತಿ ಕಿರಿದಾದ ಕಡೆ ಬರೀ 250 ಮೀಟರ್ ಅಗಲ. 2018ರಿಂದ ಅಲ್ಲಿ ಪೂರ್ತಿ ವಿದ್ಯುತ್ತಿನ ಪ್ರವಾಸಿ ಹಡಗು ಓಡುತ್ತಿದೆ. ನಿಮ್ಮ ಹಾಳೆಯಲ್ಲಿ ಫ್ಲೋಮ್ ಊರಿನ ಹೆಸರೂ ಇದ್ದರೆ ಅಲ್ಲಿಂದ ಎರಡು ಗಂಟೆಯ ಪ್ರಯಾಣ. ನನ್ನನ್ನು ಕೇಳಿದರೆ ಎಲ್ಲ ಬಸ್ ಟೂರ್ ಬಿಟ್ಟು ಅದಕ್ಕೆ ದುಡ್ಡು ಹಾಕಿ.

ಉಳಿದ ಸಣ್ಣಪುಟ್ಟದ್ದು. ನೀವು ಇಂಗ್ಲೆಂಡಿನಿಂದ ಹೊರಡುವುದರಿಂದ ಬ್ರಿಟಿಷ್ ವೀಸಾ ಬೇರೆ, ನಾರ್ವೆಗೆ ಷೆಂಗೆನ್ ವೀಸಾ ಬೇರೆ, ಎರಡೂ ಬೇಕು. ಫೋನನ್ನು ಹಡಗು ಹತ್ತಿದ ಕೂಡಲೇ ಏರೋಪ್ಲೇನ್ ಮೋಡ್‌ಗೆ ಹಾಕಿ. ನಡುಸಮುದ್ರದಲ್ಲಿ ಅದು ಹಡಗಿನ ಉಪಗ್ರಹದ ನೆಟ್‌ವರ್ಕ್ ಹಿಡಿದರೆ ಬಿಲ್ ನೋಡಿ ಅಪ್ಪನಿಗೆ ಮಂಡಿನೋವು ಮರೆತುಹೋಗುತ್ತದೆ. ಸಸ್ಯಾಹಾರ ಆದರೆ ಟಿಕೆಟ್ ಮಾಡುವಾಗಲೇ ಬರೆದು ತಿಳಿಸಿ, ಹತ್ತಿದ ದಿನ ಊಟದ ಮೇಲ್ವಿಚಾರಕರನ್ನು ಕಂಡು ಮತ್ತೆ ಹೇಳಿ. ದೊಡ್ಡ ಹಡಗಿನ ಅಡುಗೆಮನೆಯಲ್ಲಿ ನಮ್ಮವರು ಇದ್ದೇ ಇರುತ್ತಾರೆ, ಅನ್ನ, ಸಾರು ಹೇಗೋ ಆಗುತ್ತದೆ.

ಮಳೆ ಬಂದರೆ? ಬರಬಹುದು, ಅದು ನಾರ್ವೆಯ ಪಶ್ಚಿಮ ಕರಾವಳಿ. ಒಂದು ಬೆಳಿಗ್ಗೆ ಮೋಡ ಇನ್ನೂರು ಮೀಟರಿಗೇ ಇಳಿದು ಕೂತಿತ್ತು. ಬೆಟ್ಟ ಇಲ್ಲ, ಹಿಮ ಇಲ್ಲ, ಮೋಡದೊಳಗಿನಿಂದ ನೀರು ಮಾತ್ರ ಸುರಿಯುತ್ತಿತ್ತು, ಹತ್ತಾರು ಕಡೆ, ಹೆಸರೇ ಇಲ್ಲದ ಜಲಪಾತಗಳು. ದುಡ್ಡು ದಂಡ ಅಂತ ಜನ ಒಳಗೆ ಹೋದರು. ಪೈಲಟ್ ಮಾತ್ರ ಕಿಟಕಿ ಬಿಟ್ಟು ಕದಲಲಿಲ್ಲ. ಹುಟ್ಟಿದಾಗಿನಿಂದ ನೋಡುತ್ತಿರುವ ನೀರು ಅದು.

ಬೆಳಿಗ್ಗೆ ಅಪ್ಪನಿಗೆ ಮುಂದಿನ ಡೆಕ್ಕಿನಲ್ಲಿ ಒಂದು ಕುರ್ಚಿ, ಒಂದು ಕಂಬಳಿ ಬೇಕು ಅಂತ ಹಿಂದಿನ ರಾತ್ರಿಯೇ ಡೆಕ್ ಹುಡುಗರಿಗೆ ಹೇಳಿಡಿ. ಕೊಡುತ್ತಾರೆ. ಅವರಲ್ಲಿ ಮಂಗಳೂರು, ಉಡುಪಿ ಕಡೆಯವರು ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ, ಕನ್ನಡದಲ್ಲೇ ಕೇಳಿ ನೋಡಿ.